ಜಿಸ್ಟ್ ಗಡ್ಡೆಯ ಅಪಾಯ ಹೇಳಲು ಕಾಂಟ್ರಾಸ್ಟ್ ಅಲ್ಟ್ರಾಸೌಂಡ್ ಸಾಕೇ?

ಹೊಟ್ಟೆಯಲ್ಲಿ ಉರಿಯೆಂದು ಎಂಡೋಸ್ಕೋಪಿ ಮಾಡಿಸಿಕೊಂಡವರ ಜಠರದ ಗೋಡೆಯಲ್ಲಿ ಒಮ್ಮೊಮ್ಮೆ ನುಣುಪಾದ ಉಬ್ಬೊಂದು ಕಾಣುತ್ತದೆ. ಅದು ‘ಜಿಸ್ಟ್’, ಅಂದರೆ ಜೀರ್ಣನಾಳದ ಗೋಡೆಯಲ್ಲಿ ಹುಟ್ಟುವ, ಕ್ಯಾನ್ಸರ್ ಆಗಬಲ್ಲ ಗಡ್ಡೆಯಿರಬಹುದು ಎಂದು ಡಾಕ್ಟರು ಹೇಳಿದ ದಿನದಿಂದ ಮನೆಮಂದಿಗೆ ನಿದ್ದೆಯಿಲ್ಲ. ಆಪರೇಷನ್ ಮಾಡಿಸಬೇಕೋ, ಕಾದು ನೋಡಬಹುದೋ? ಕಾಂಟ್ರಾಸ್ಟ್ ಅಲ್ಟ್ರಾಸೌಂಡ್ ನೋಡಿ ಇದನ್ನು ಹೇಳಬಹುದೇ?

ಪರ

ಜಿಸ್ಟ್ ಹುಟ್ಟುವುದು ಒಳಪದರದ ಕೆಳಗೆ, ಸ್ನಾಯುವಿನ ಪದರದಲ್ಲಿ. ಹಾಗಾಗಿ ಎಂಡೋಸ್ಕೋಪಿಯಲ್ಲಿ ಚಿವುಟಿ ತೆಗೆಯುವ ಮಾಮೂಲಿ ಬಯಾಪ್ಸಿ ಎಷ್ಟೋ ಸಲ ಗಡ್ಡೆಯನ್ನು ಮುಟ್ಟುವುದೇ ಇಲ್ಲ. ಕಾಂಟ್ರಾಸ್ಟ್ ಅಲ್ಟ್ರಾಸೌಂಡ್‌ನಲ್ಲಿ ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲದ ಸೂಕ್ಷ್ಮ ಗುಳ್ಳೆಗಳನ್ನು ರಕ್ತನಾಳಕ್ಕೆ ಕೊಡುತ್ತಾರೆ. ಸಿ.ಟಿ.ಯ ಅಯೋಡಿನ್ ನಾಳದಿಂದ ಹೊರಗೆ ಸೋರುತ್ತದೆ; ಇವು ಕೆಂಪು ರಕ್ತಕಣಕ್ಕಿಂತ ಚಿಕ್ಕವಾದರೂ ಸೋರುವುದಿಲ್ಲ. ಆದ್ದರಿಂದ ತೆರೆಯ ಮೇಲೆ ಕಾಣುವುದು ಗಡ್ಡೆಗೆ ರಕ್ತ ಹರಿಯುವ ದಾರಿ ಮಾತ್ರ. ವೇಗವಾಗಿ ಬೆಳೆಯುವ ಗಡ್ಡೆಯಲ್ಲಿ ಆ ದಾರಿ ಅಂಕುಡೊಂಕಾಗಿರುತ್ತದೆ. ನಡುವೆ ರಕ್ತ ಸಿಗದೆ ಸತ್ತ ಭಾಗ ಕಪ್ಪಗೆ ಉಳಿಯುತ್ತದೆ. ಅನಿಲ ಉಸಿರಿನಲ್ಲೇ ಹೊರಗೆ ಹೋಗುತ್ತದೆ, ವಿಕಿರಣದ ಮಾತೇ ಇಲ್ಲ. ಕಿಡ್ನಿ ಸೋತವರಿಗೆ, ವರ್ಷಗಟ್ಟಲೆ ಮತ್ತೆ ಮತ್ತೆ ನೋಡಿಸಿಕೊಳ್ಳಬೇಕಾದವರಿಗೆ ಇದು ಸಣ್ಣ ನೆಮ್ಮದಿಯಲ್ಲ.

ವಿರೋಧ

ಉಪಕಾರಿ ಪರೀಕ್ಷೆ, ಒಪ್ಪುತ್ತೇನೆ. ತೀರ್ಪು ಕೊಡುವ ಕೆಲಸ ಮಾತ್ರ ಅದರದ್ದಲ್ಲ.

ಜಿಸ್ಟ್‌ನ ಅಪಾಯ ನಿಂತಿರುವುದು ಗಾತ್ರ, ಜಾಗ, ವಿಭಜಿಸುತ್ತಿರುವ ಕೋಶಗಳ ಎಣಿಕೆ ಇವುಗಳ ಮೇಲೆ. ಗಡ್ಡೆ ಒಡೆದಿದೆಯೇ ಎಂಬುದೂ ಸೇರುತ್ತದೆ. ರೋಗಶಾಸ್ತ್ರಜ್ಞರಾದ ಮಿಯೆಟಿನೆನ್ ಮತ್ತು ಲಾಸೋಟಾ 2006ರಲ್ಲಿ ಕೊಟ್ಟ ಪಟ್ಟಿಯನ್ನೇ ನೋಡಿ. ಜಠರದಲ್ಲಿ 5ರಿಂದ 10 ಸೆಂಟಿಮೀಟರ್ ಗಡ್ಡೆ, ಸೂಕ್ಷ್ಮದರ್ಶಕದ 50 ನೋಟಗಳಲ್ಲಿ ವಿಭಜಿಸುವ ಕೋಶ 5 ಅಥವಾ ಕಡಿಮೆ: ರೋಗ ಮುಂದುವರಿದದ್ದು 3.6% ಜನರಲ್ಲಿ. ಅಷ್ಟೇ ಗಾತ್ರ, 5ಕ್ಕಿಂತ ಹೆಚ್ಚು ಕೋಶ: 55%. ಈ ಎರಡು ಅಂಕಿಗಳ ನಡುವೆ ಒಬ್ಬರ ಬದುಕೇ ಇದೆ, ಮತ್ತು ಎಣಿಸಲು ಗಡ್ಡೆಯ ತುಣುಕೇ ಬೇಕು. ಸೂಜಿಯಲ್ಲಿ ಬರುವ ಚೂರು ಎಣಿಕೆಗೆ ಹಲವು ಸಲ ಸಾಲದು, ನಿಜ. ಚೂರು ಸಾಲದೆಂದು ನೆರಳನ್ನು ನಂಬುವುದು ಹೇಗೆ?

ಸಣ್ಣ ಕರುಳಿನ ಜಿಸ್ಟ್ ಅದೇ ಗಾತ್ರದ ಜಠರದ ಜಿಸ್ಟ್‌ಗಿಂತ ಕ್ರೂರಿ. ಹೊಟ್ಟೆಯ ಮೇಲಿಂದ ಮಾಡುವ ಅಲ್ಟ್ರಾಸೌಂಡ್‌ಗೆ ಕರುಳಿನ ಗಾಳಿ ಅಡ್ಡ ಬರುವುದೂ ಅಲ್ಲೇ. ಜತೆಗೆ ಒಂದೇ ಚಿತ್ರವನ್ನು ಇಬ್ಬರು ರೇಡಿಯಾಲಜಿಸ್ಟ್‌ಗಳು ಬೇರೆ ಬೇರೆ ಓದಬಲ್ಲರು. ಜಿಸ್ಟ್‌ಗೆ ಕೊಡುವ ಇಮಾಟಿನಿಬ್ ಮಾತ್ರೆ ಕೆಲಸ ಮಾಡುತ್ತದೆಯೇ ಎಂಬುದು ಜೀನ್‌ನ ಬದಲಾವಣೆಯನ್ನು ಅವಲಂಬಿಸಿದೆ. ಅದನ್ನು ಯಾವ ಗುಳ್ಳೆಯೂ ತೋರಿಸದು.

2 ಸೆಂಟಿಮೀಟರಿಗಿಂತ ಚಿಕ್ಕ ಜಠರದ ಗಡ್ಡೆಯನ್ನು ಕಾಯುತ್ತ ನೋಡುವಾಗ ಈ ಪರೀಕ್ಷೆ ಜತೆಗಿರಲಿ. ಚಿತ್ರದಲ್ಲಿ ಶಾಂತವಾಗಿ ಕಂಡಿತೆಂದು 4 ಸೆಂಟಿಮೀಟರ್ ಗಡ್ಡೆಯವರನ್ನು ‘ಏನೂ ಆಗಲ್ಲ, ಹೋಗಿ ಬನ್ನಿ’ ಎಂದು ಕಳಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ.