ಮಲಗಿ ಬದುಕುವ ರೋಗಾಣು, ನಿಲ್ಲಬಾರದ ಔಷಧ ಪೂರೈಕೆ

ಕ್ಷಯಕ್ಕೆ ಚಿಕಿತ್ಸೆ ಶುರುವಾದ ಕೆಲವೇ ವಾರಗಳಲ್ಲಿ ಜ್ವರ ಇಳಿಯುತ್ತದೆ, ಹಸಿವು ಮರಳುತ್ತದೆ. ಎರಡು ತಿಂಗಳಾಗುವಷ್ಟರಲ್ಲಿ ಬಹುತೇಕರ ಕಫದಲ್ಲಿ ರೋಗಾಣು ಕಾಣಿಸುವುದಿಲ್ಲ. ಆದರೂ ಇನ್ನು ನಾಲ್ಕು ತಿಂಗಳು ಮಾತ್ರೆ ನುಂಗಬೇಕು. ‘ವಾಸಿಯಾದ ಮೇಲೂ ಔಷಧ ಏಕೆ?’ ಎಂಬ ರೋಗಿಯ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ನಮ್ಮ ವ್ಯವಸ್ಥೆ ಸಾಮಾನ್ಯವಾಗಿ ಕೊಡುವುದು ಗದರಿಕೆಯನ್ನು; ಕೊಡಬೇಕಾದದ್ದು ವಿವರಣೆಯನ್ನು. ಆ ವಿವರಣೆಯ ತಿರುಳು ‘ಪರ್ಸಿಸ್ಟರ್’ ಎಂಬ ಜೀವಕೋಶಗಳಲ್ಲಿದೆ.

ಡಬ್ಲಿನ್‌ನ ಸೂಕ್ಷ್ಮಜೀವಿ ವಿಜ್ಞಾನಿ ಜೋಸೆಫ್ ಬಿಗ್ಗರ್ 1944ರಲ್ಲಿ ಇವುಗಳಿಗೆ ಈ ಹೆಸರಿಟ್ಟರು. ಪೆನಿಸಿಲಿನ್ ಆಗಿನ್ನೂ ಹೊಸದು. ಅದನ್ನು ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾಗಳ ಮೇಲೆ ಪ್ರಯೋಗಿಸಿದಾಗ ಸುಮಾರು ಹತ್ತು ಲಕ್ಷಕ್ಕೆ ಒಂದರಂತೆ ಕೆಲವು ಉಳಿದುಕೊಂಡವು. ಉಳಿದವನ್ನು ಬೆಳೆಸಿ ಮತ್ತೆ ಪೆನಿಸಿಲಿನ್ ಕೊಟ್ಟರೆ, ಅವುಗಳ ಸಂತತಿಯೂ ಮೊದಲಿನಂತೆಯೇ ಸತ್ತಿತು. ಮತ್ತೆ ಬೆರಳೆಣಿಕೆಯಷ್ಟು ಉಳಿದವು. ಬದುಕುಳಿಯುವ ಆ ಗುಣ ವಂಶಪಾರಂಪರ್ಯವಾಗಿ ಬಂದದ್ದಾಗಿರಲಿಲ್ಲ.

ಔಷಧ ಪ್ರತಿರೋಧಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ. ಪ್ರತಿರೋಧ ಪಡೆದ ಬ್ಯಾಕ್ಟೀರಿಯಾದ ಜೀನ್ ಬದಲಾಗಿರುತ್ತದೆ. ಅದು ಔಷಧದ ನಡುವೆಯೇ ಬೆಳೆಯುತ್ತದೆ, ಮರಿಗಳಿಗೂ ಆ ಗುಣ ದಾಟಿಸುತ್ತದೆ. ಪರ್ಸಿಸ್ಟರ್‌ನ ಜೀನ್ ಬದಲಾಗಿರುವುದಿಲ್ಲ. ಅದು ಬೆಳವಣಿಗೆಯನ್ನೇ ನಿಲ್ಲಿಸಿ ಮಲಗಿಬಿಡುತ್ತದೆ. ಪೆನಿಸಿಲಿನ್ ಕೆಡಿಸುವುದು ಕೋಶಭಿತ್ತಿ ಕಟ್ಟುವ ಕೆಲಸವನ್ನು. ಕಟ್ಟುವ ಕೆಲಸವೇ ನಿಂತಿರುವಾಗ ಕೆಡಿಸಲು ಏನಿದೆ? ಹೊಲದಲ್ಲಿ ಬೆಳೆದು ನಿಂತ ಕಳೆಯನ್ನು ಕಿತ್ತೆಸೆದರೂ ಮಣ್ಣಿನಲ್ಲಿ ಹುದುಗಿದ ಬೀಜ ಮುಂದಿನ ಮಳೆಗೆ ಮೊಳೆಯುವಂತೆ, ಔಷಧ ನಿಂತೊಡನೆ ಇವು ಏಳುತ್ತವೆ. ವಿಜ್ಞಾನಿ ನಥಾಲಿ ಬಾಲಬಾನ್ ಮತ್ತು ಸಹೋದ್ಯೋಗಿಗಳು 2004ರಲ್ಲಿ ಇ. ಕೋಲಿ ಬ್ಯಾಕ್ಟೀರಿಯಾಗಳನ್ನು ಒಂದೊಂದಾಗಿ ಸೂಕ್ಷ್ಮದರ್ಶಕದಲ್ಲಿ ಗಮನಿಸಿದಾಗ, ಔಷಧ ಬೀಳುವ ಮೊದಲೇ ಕೆಲವು ಕೋಶಗಳು ನಿಧಾನಗೊಂಡಿದ್ದು ಕಂಡುಬಂತು.

ವಾಡಿಕೆಯ ಪ್ರಯೋಗಾಲಯ ಪರೀಕ್ಷೆಗೆ ಇವು ಸಿಗುವುದಿಲ್ಲ. ಔಷಧದ ಎದುರು ರೋಗಾಣು ಬೆಳೆಯುತ್ತದೆಯೇ ಎಂದಷ್ಟೇ ಆ ಪರೀಕ್ಷೆ ನೋಡುತ್ತದೆ. ಬೆಳೆಯದೆ ಸುಮ್ಮನಿರುವುದು ಅದರ ಲೆಕ್ಕಕ್ಕೆ ಬಾರದು. ‘ಈ ಔಷಧಕ್ಕೆ ರೋಗಾಣು ಮಣಿಯುತ್ತದೆ’ ಎಂದು ವರದಿ ಬಂದ ರೋಗಿಯಲ್ಲೂ ಕಾಯಿಲೆ ಮರುಕಳಿಸಲು ಇದೊಂದು ಕಾರಣ.

ಕ್ಷಯದ ಚಿಕಿತ್ಸೆಯನ್ನು ಆರರಿಂದ ನಾಲ್ಕು ತಿಂಗಳಿಗೆ ಇಳಿಸಲು ನಡೆದ ಮೂರು ದೊಡ್ಡ ಪ್ರಯೋಗಗಳ ಫಲಿತಾಂಶ 2014ರಲ್ಲಿ ಹೊರಬಂತು. ಅವುಗಳಲ್ಲೊಂದರಲ್ಲಿ, ಮಾಕ್ಸಿಫ್ಲಾಕ್ಸಾಸಿನ್ ಎಂಬ ಔಷಧ ಪಡೆದವರ ಕಫ ಉಳಿದವರಿಗಿಂತ ಬೇಗ ರೋಗಾಣುಮುಕ್ತವಾಯಿತು. ಆದರೆ ನಾಲ್ಕು ತಿಂಗಳಿಗೆ ಔಷಧ ನಿಲ್ಲಿಸಿದ ಮೇಲೆ ಅವರಲ್ಲೇ ಕಾಯಿಲೆ ಹೆಚ್ಚಾಗಿ ಮರುಕಳಿಸಿತು. ಕಫ ಶುದ್ಧವಾದ ಮಾತ್ರಕ್ಕೆ ಶ್ವಾಸಕೋಶ ಶುದ್ಧವಾಯಿತೆಂದು ಅರ್ಥವಲ್ಲ. ಮಾಕ್ಸಿಫ್ಲಾಕ್ಸಾಸಿನ್ ಜೊತೆಗೆ ರೈಫಪೆಂಟಿನ್ ಎಂಬ ಔಷಧವನ್ನೂ ಸೇರಿಸಿದ ನಾಲ್ಕು ತಿಂಗಳ ಚಿಕಿತ್ಸೆ ಆರು ತಿಂಗಳಿನದಕ್ಕೆ ಸಾಟಿ ಎಂದು ಸಾಬೀತಾಗಲು 2021ರವರೆಗೆ ಕಾಯಬೇಕಾಯಿತು.

ಅಪಾಯ ಮರುಕಳಿಕೆಗೆ ಮುಗಿಯುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಅಜಿತ್‌ಕುಮಾರ್ ಅವರ ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಎಚ್ಚರಿಕೆ ಕೊಟ್ಟಿತು. ಕ್ಷಯದ ಔಷಧವಾದ ರಿಫಾಂಪಿಸಿನ್ ಎದುರು ಉಳಿದ ಕ್ಷಯಾಣುಗಳಲ್ಲಿ ಡಿಎನ್‌ಎಗೆ ಹಾನಿ ಮಾಡುವ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳು ಹೆಚ್ಚಿ, ಆ ಕ್ಷಯಾಣುಗಳ ನಡುವಿನಿಂದಲೇ ಔಷಧಕ್ಕೆ ಬಗ್ಗದ ಹೊಸ ತಳಿಗಳು ಹುಟ್ಟುವುದನ್ನು ಪ್ರಯೋಗಾಲಯದಲ್ಲಿ ಅವರು ತೋರಿಸಿದರು. ಇಂದು ಮಲಗಿದ ರೋಗಾಣು ನಾಳಿನ ಪ್ರತಿರೋಧಕ್ಕೆ ತವರಾಗಬಲ್ಲದು.

ಈ ವಿಜ್ಞಾನದ ಬೆಳಕಿನಲ್ಲಿ ನಮ್ಮ ಕ್ಷಯ ನಿಯಂತ್ರಣ ಕಾರ್ಯಕ್ರಮವನ್ನು ನೋಡಬೇಕು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಭಾರತದಲ್ಲೇ ಇದ್ದಾರೆ. ವಾರಕ್ಕೆ ಮೂರು ದಿನ ಕೊಡುತ್ತಿದ್ದ ಔಷಧವನ್ನು 2017ರಿಂದ ಪ್ರತಿದಿನಕ್ಕೆ ಬದಲಿಸಿದ್ದು ಸರಿಯಾದ ಹೆಜ್ಜೆ. ಆದರೆ ಪ್ರತಿದಿನದ ಚಿಕಿತ್ಸೆಗೆ ಪ್ರತಿದಿನವೂ ಔಷಧ ಸಿಗಬೇಕು. 2024ರ ಮಾರ್ಚ್‌ನಲ್ಲಿ ಪೂರೈಕೆ ಸೊರಗಿ, ಮಾತ್ರೆಗಳನ್ನು ಸ್ಥಳೀಯವಾಗಿ ಖರೀದಿಸುವಂತೆ ಕೇಂದ್ರವೇ ರಾಜ್ಯಗಳಿಗೆ ಸೂಚಿಸಬೇಕಾಯಿತು. ರೋಗಿ ಮಾತ್ರೆ ತಪ್ಪಿಸಿದರೆ ‘ಬೇಜವಾಬ್ದಾರಿ’ ಎನ್ನುತ್ತೇವೆ. ಉಗ್ರಾಣವೇ ಖಾಲಿಯಾದಾಗ ‘ತಾತ್ಕಾಲಿಕ ವ್ಯತ್ಯಯ’ ಎನ್ನುತ್ತೇವೆ. ರೋಗಾಣುವಿಗೆ ಈ ಭೇದ ಗೊತ್ತಿಲ್ಲ. ಯಾರ ತಪ್ಪಿನಿಂದ ಔಷಧ ನಿಂತರೂ ಅದು ಏಳುತ್ತದೆ.

ಹಾಗೆಂದು ಎಲ್ಲ ಸೋಂಕಿಗೂ ಹೆಚ್ಚು ದಿನ ಆ್ಯಂಟಿಬಯೋಟಿಕ್ ನುಂಗಬೇಕೆಂದಲ್ಲ. ತೀವ್ರವಲ್ಲದ ನ್ಯುಮೋನಿಯಾಕ್ಕೆ ಕಡಿಮೆ ದಿನಗಳ ಚಿಕಿತ್ಸೆ ಸಾಕೆಂದು ಅಧ್ಯಯನಗಳು ತೋರಿಸಿವೆ. ಅನಗತ್ಯವಾಗಿ ನುಂಗಿದ ಮಾತ್ರೆ ಪ್ರತಿರೋಧವನ್ನೇ ಬೆಳೆಸುತ್ತದೆ. ಅವಧಿ ತೀರ್ಮಾನವಾಗಬೇಕಾದದ್ದು ಕಾಯಿಲೆಯನ್ನು ನೋಡಿ, ವೈದ್ಯರ ಸಲಹೆಯಲ್ಲಿ.

ಕ್ಷಯದ ಮಟ್ಟಿಗೆ ಮೂರು ಕೆಲಸ ತುರ್ತಾಗಿ ಆಗಬೇಕು. ಪ್ರತಿ ಜಿಲ್ಲೆಯಲ್ಲೂ ಹಲವು ತಿಂಗಳಿಗೆ ಸಾಲುವಷ್ಟು ಮಾತ್ರೆಗಳ ದಾಸ್ತಾನು ಇರಬೇಕು, ಅದರ ಲೆಕ್ಕ ಜನರಿಗೆ ಕಾಣುವಂತಿರಬೇಕು. ಮಲಗಿದ ರೋಗಾಣುಗಳನ್ನೂ ಕೊಲ್ಲುವ ಔಷಧಗಳ ಸಂಶೋಧನೆಗೆ ನಮ್ಮ ಪ್ರಯೋಗಾಲಯಗಳಿಗೆ ಸ್ಥಿರ ಅನುದಾನ ಸಿಗಬೇಕು. ಎರಡನೇ ತಿಂಗಳಿಗೆ ಲವಲವಿಕೆ ಮರಳಿದ ರೋಗಿಗೆ, ಉಳಿದ ನಾಲ್ಕು ತಿಂಗಳು ಏಕೆ ಎಂಬುದನ್ನು ಆರೋಗ್ಯ ಸಿಬ್ಬಂದಿ ಆ ರೋಗಿಯ ಮಾತಿನಲ್ಲೇ ತಿಳಿಹೇಳಬೇಕು. ಕಾರಣ ತಿಳಿದ ರೋಗಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಆ ಮಾತ್ರೆ ಅವರ ಕೈಗೆ ತಪ್ಪದೆ ತಲುಪುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ.