ಮನೆಯ ಲೆಕ್ಕ: ಮಗನ ಕಾಲೇಜಿಗೆ ಕೂಡಿಟ್ಟ ದುಡ್ಡಿಗೂ ತೆರಿಗೆಯೇ?



ಈ ಸಲದ ಅಂಚೆಯಲ್ಲಿ ಒಂದು ಕಾಗದ ಬಹಳ ದೂರದಿಂದ ಬಂದಿದೆ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿರುವ ಹಾಸನದ ಕಡೆಯ ಹೆಣ್ಣುಮಗಳು ಬರೆದದ್ದು. ಊರಿಗೆ ಬಂದಾಗಲೆಲ್ಲ ಅಮ್ಮ ಎತ್ತಿಟ್ಟ ಹಳೇ ಸಂಚಿಕೆಗಳನ್ನು ಕಟ್ಟಿಕೊಂಡು ಹೋಗುತ್ತಾರಂತೆ. "ಹೆಸರು ಮಾತ್ರ ಹಾಕಬೇಡಿ ಅಕ್ಕಾ" ಅಂದಿದ್ದಾರೆ. ಹಾಕುವುದಿಲ್ಲ. ಆದರೆ ಈಗ ಎಷ್ಟೋ ಮನೆಗಳಲ್ಲಿ ಒಬ್ಬಳು ಮಗಳೋ ತಂಗಿಯೋ ಸೊಸೆಯೋ ಆ ದೇಶದಲ್ಲಿದ್ದಾರೆ. ಅವರಿಗೂ ಉಪಯೋಗವಾದೀತು ಎಂದು ಉತ್ತರವನ್ನು ಇಲ್ಲೇ ಬರೆಯುತ್ತಿದ್ದೇನೆ.

ಅವರ ಕಾಗದದ ಸಾರಾಂಶ ಇದು:

"ನಮ್ಮ ಯಜಮಾನರು ತೀರಿಕೊಂಡು ನಾಲ್ಕು ವರ್ಷವಾಯಿತು. ಮಗ ಹುಟ್ಟಿದ ವರ್ಷದಿಂದಲೇ ಅವನ ಓದಿಗೆ ಅಂತ ಇಲ್ಲಿನ '529' ಅನ್ನೋ ಖಾತೆಯಲ್ಲಿ ದುಡ್ಡು ಹಾಕುತ್ತಾ ಬಂದಿದ್ದರು. ಬ್ಯಾಂಕು, ತೆರಿಗೆ ಎಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ನಾನು ಒಂದು ಸ್ಕೂಲಿನ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಮಗ ಕಾಲೇಜು ಸೇರಿದ ಮೇಲೆ ಆ ಖಾತೆಯಿಂದ 22,000 ಡಾಲರ್ ತೆಗೆದು ನನ್ನ ಬ್ಯಾಂಕಿಗೆ ಹಾಕಿಕೊಂಡು ಫೀಸು, ಹಾಸ್ಟೆಲು ಎಲ್ಲ ಕಟ್ಟಿದೆ. ತೆರಿಗೆ ಕಾಗದದಲ್ಲಿ ಇದರ ಸುದ್ದಿ ಎತ್ತಲಿಲ್ಲ. ಓದಿನ ದುಡ್ಡಿಗೆ ತೆರಿಗೆ ಇಲ್ಲ ಅಂತ ಅವರು ಹೇಳ್ತಿದ್ದದ್ದು ನೆನಪಿತ್ತು. ಈಗ ತೆರಿಗೆ ಇಲಾಖೆಯಿಂದ ಪತ್ರ ಬಂದಿದೆ. 8,800 ಡಾಲರ್ ವರಮಾನ ತೋರಿಸಿಲ್ಲ, ಸಾವಿರಕ್ಕೂ ಮೇಲೆ ತೆರಿಗೆ ಬರುತ್ತದೆ, ಬಡ್ಡಿ ಬೇರೆ ಅಂತ. ರಾತ್ರಿ ನಿದ್ದೆ ಇಲ್ಲ. ಮಗನಿಗೆ ಗೊತ್ತಾಗಿ 'ನಾನು ಒಂದು ವರ್ಷ ಓದು ಬಿಟ್ಟು ಕೆಲಸಕ್ಕೆ ಸೇರ್ತೀನಮ್ಮ' ಅಂತಾನೆ. ಬಳೆ ಮಾರಿ ಕಟ್ಟಿಬಿಡಲಾ ಅಕ್ಕಾ?"

ತಂಗೀ, ಬಳೆ ಕೈಯಲ್ಲೇ ಇರಲಿ. ಮಗ ಕಾಲೇಜಿನಲ್ಲೇ ಇರಲಿ. ನೀವು ಕಾಗದದ ಜೊತೆ ಕಳಿಸಿರುವ ಲೆಕ್ಕ ಸರಿಯಾಗಿದ್ದರೆ ನೀವು ಕೊಡಬೇಕಾದ ದುಡ್ಡು ಏನೂ ಇಲ್ಲ. ಅಷ್ಟೇ ಅಲ್ಲ, ನಿಮಗೇ ಬರಬೇಕಾದದ್ದು ಇದ್ದಂತೆ ಕಾಣುತ್ತದೆ. ನಿಧಾನವಾಗಿ ನೋಡೋಣ.

ಮೊದಲು ಆ ಪತ್ರದ ವಿಚಾರ. ಮೂಲೆಯಲ್ಲಿ 'ಸಿಪಿ 2000' ಎಂದು ಅಚ್ಚಾಗಿದೆ ಅಂದಿರಿ. ಅದು ದಂಡದ ಬಿಲ್ಲಲ್ಲ. "ನಮಗೆ ಬೇರೆ ಕಡೆಯಿಂದ ಬಂದ ಲೆಕ್ಕಕ್ಕೂ ನೀವು ಕೊಟ್ಟ ಲೆಕ್ಕಕ್ಕೂ ತಾಳೆಯಾಗುತ್ತಿಲ್ಲ, ಒಪ್ಪುತ್ತೀರಾ ಇಲ್ಲವಾ ಹೇಳಿ" ಎಂದು ಕೇಳುವ ಪತ್ರ. ಕಳ್ಳಿ ಅಂತ ಯಾರೂ ಕರೆದಿಲ್ಲ. ಆದರೆ ಉತ್ತರ ಕೊಡದೆ ಡ್ರಾಯರಿಗೆ ತಳ್ಳಿದರೆ ಮಾತ್ರ ಅವರ ಲೆಕ್ಕವೇ ಖಾಯಂ ಆಗುತ್ತದೆ. ಪತ್ರದಲ್ಲಿ ಉತ್ತರಕ್ಕೆ ಕೊನೇ ತಾರೀಖು ಇರುತ್ತದೆ. ಅದನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಮಾಡಿ. ಅಷ್ಟರೊಳಗೆ ಆಗುವುದಿಲ್ಲ ಎನಿಸಿದರೆ ಪತ್ರದಲ್ಲಿರುವ ನಂಬರಿಗೆ ಫೋನ್ ಮಾಡಿ ಇನ್ನಷ್ಟು ದಿನ ಕೇಳಬಹುದು.

ಈಗ ಈ 8,800 ಎಲ್ಲಿಂದ ಬಂತು? ಖಾತೆಯಿಂದ ದುಡ್ಡು ತೆಗೆದ ವರ್ಷ ಖಾತೆಯವರು '1099-ಕ್ಯೂ' ಎಂಬ ಚೀಟಿ ಕಳಿಸುತ್ತಾರೆ. ಅದರ ಮೊದಲನೇ ಮನೆಯಲ್ಲಿ ತೆಗೆದ ಒಟ್ಟು ಹಣ, ನಿಮ್ಮದು 22,000. ಎರಡನೇ ಮನೆಯಲ್ಲಿ ಅದರಲ್ಲಿ ಬೆಳೆದ ಭಾಗ, 8,800. ಮೂರನೇ ಮನೆಯಲ್ಲಿ ನಿಮ್ಮ ಯಜಮಾನರು ಕೈಯಾರೆ ಹಾಕಿದ ಅಸಲು, 13,200. ಅಸಲಿಗೆ ಎಂದೂ ತೆರಿಗೆ ಇಲ್ಲ. ಬೆಳೆದದ್ದಕ್ಕೂ ಇಲ್ಲ, ಅದು ಓದಿಗೇ ಖರ್ಚಾಗಿದ್ದರೆ. ಚೀಟಿಯ ಒಂದು ಪ್ರತಿ ತೆರಿಗೆ ಇಲಾಖೆಗೂ ಹೋಗುತ್ತದೆ. ಆದರೆ ದುಡ್ಡು ಯಾತಕ್ಕೆ ಖರ್ಚಾಯಿತು ಎಂದು ಆ ಚೀಟಿ ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ನೀವು. ಇಲಾಖೆ ಕೇಳುತ್ತಿರುವುದೂ ಅದನ್ನೇ.

ಓದಿನ ಖರ್ಚು ಎಂದರೆ ಏನೇನು? ಫೀಸು, ಪುಸ್ತಕ, ಕಂಪ್ಯೂಟರು, ಇಂಟರ್ನೆಟ್ಟು ಸೇರುತ್ತವೆ. ಹುಡುಗ ಕನಿಷ್ಠ ಅರ್ಧ ಹೊತ್ತಿನ ವಿದ್ಯಾರ್ಥಿಯಾಗಿದ್ದರೆ ವಸತಿ ಮತ್ತು ಊಟವೂ ಸೇರುತ್ತದೆ. ಹೊರಗೆ ರೂಮು ಮಾಡಿ ತಾನೇ ಅನ್ನ ಸಾರು ಮಾಡಿಕೊಂಡರೂ ಬಾಡಿಗೆ, ದಿನಸಿ ನಡೆಯುತ್ತವೆ. ಆದರೆ ವಸತಿ ಊಟಕ್ಕೆ ಇಷ್ಟು ಎಂದು ಕಾಲೇಜು ಪ್ರಕಟಿಸಿರುವ ಮೊತ್ತ ಮೀರಬಾರದು. ಸೇರದೇ ಇರುವುದು: ಊರಿಗೆ ಬಂದು ಹೋಗುವ ವಿಮಾನದ ಟಿಕೆಟ್ಟು, ಕಾರಿನ ಖರ್ಚು, ಆರೋಗ್ಯ ವಿಮೆ.

ನಿಮ್ಮ ಮಗನ ಆ ವರ್ಷದ ಖರ್ಚು ನೀವೇ ಬರೆದಂತೆ: ಫೀಸು 14,000, ಹಾಸ್ಟೆಲು ಊಟ 12,000, ಪುಸ್ತಕ 800. ಒಟ್ಟು 26,800 ಡಾಲರ್. ಇದರಲ್ಲಿ ಅವನಿಗೆ ಬಂದ ವಿದ್ಯಾರ್ಥಿವೇತನ 3,000 ಕಳೆಯಿರಿ. ಉಳಿದದ್ದು 23,800. ಖಾತೆಯಿಂದ ತೆಗೆದದ್ದು 22,000. ಖರ್ಚೇ ಹೆಚ್ಚು, ತೆಗೆದದ್ದೇ ಕಡಿಮೆ. ಆದ್ದರಿಂದ 8,800ಕ್ಕೆ ಒಂದು ಡಾಲರ್ ತೆರಿಗೆಯೂ ಬರುವುದಿಲ್ಲ. ಉಳಿದ 1,800 ಡಾಲರನ್ನು ನಿಮ್ಮ ಸಂಬಳದಿಂದ ಹಾಕಿದ್ದೀರಿ. ನಿಮ್ಮ ಯಜಮಾನರ ಮಾತು ನಿಜವಾಗಿತ್ತು ತಂಗಿ. ಲೆಕ್ಕ ಬರೆದು ತೋರಿಸುವವರು ಇಲ್ಲದೇ ಹೋದದ್ದಷ್ಟೇ.

ಇನ್ನು ನಿಮಗೆ ಬರಬೇಕಾದ ದುಡ್ಡಿನ ಮಾತು. ಕಾಲೇಜೂ ಒಂದು ಚೀಟಿ ಕೊಡುತ್ತದೆ, '1098-ಟಿ' ಎಂದು. ಒಂದನೇ ಮನೆಯಲ್ಲಿ ಆ ವರ್ಷ ಕಾಲೇಜಿಗೆ ಸಂದ ಫೀಸು, ಐದನೇ ಮನೆಯಲ್ಲಿ ವಿದ್ಯಾರ್ಥಿವೇತನ. ಈ ಚೀಟಿ ನೋಡಿ ಮಾಡುವ ಇನ್ನೊಂದು ಕೆಲಸವನ್ನು ನೀವು ಬಿಟ್ಟಿದ್ದೀರಿ. ಅದರ ಹೆಸರು 'ಅಮೆರಿಕನ್ ಆಪರ್ಚುನಿಟಿ' ರಿಯಾಯಿತಿ. ಕಾಲೇಜಿನ ಮೊದಲ 4 ವರ್ಷದ ಓದಿಗೆ, ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ 2,500 ಡಾಲರ್ ತನಕ ತೆರಿಗೆಯಲ್ಲಿ ಬಿಡುತ್ತಾರೆ. ಮೊದಲ 2,000 ಡಾಲರ್ ಫೀಸಿಗೆ ಪೂರ್ತಿ, ನಂತರದ 2,000ಕ್ಕೆ ಕಾಲು ಭಾಗ, ಹೀಗೆ 2,500. ಕಟ್ಟಬೇಕಾದ ತೆರಿಗೆ ಏನೂ ಇಲ್ಲದಿದ್ದರೂ ಅದರಲ್ಲಿ 1,000 ಡಾಲರ್ ತನಕ ಕೈಗೇ ಬರಬಹುದು. ಒಂಟಿಯಾಗಿ ಲೆಕ್ಕ ಕೊಡುವವರ ವರಮಾನ 80,000 ಡಾಲರ್ ದಾಟಿದರೆ, ಗಂಡ ಹೆಂಡತಿ ಒಟ್ಟಿಗೆ ಕೊಡುವುದಾದರೆ 1,60,000 ದಾಟಿದರೆ ರಿಯಾಯಿತಿ ಇಳಿಯುತ್ತಾ ಹೋಗುತ್ತದೆ. 90,000 ಮತ್ತು 1,80,000ಕ್ಕೆ ಪೂರ್ತಿ ನಿಂತುಹೋಗುತ್ತದೆ. ನಿಮ್ಮ ಸಂಬಳ ಇದರೊಳಗೇ ಇದೆ. ನೆನಪಿಡಿ, ಈ ರಿಯಾಯಿತಿಗೆ ಫೀಸು, ಪುಸ್ತಕ ಮಾತ್ರ ನಡೆಯುತ್ತವೆ. ಹಾಸ್ಟೆಲು ಊಟ ನಡೆಯುವುದಿಲ್ಲ.

ಆದರೆ ಒಂದು ಕಟ್ಟುನಿಟ್ಟಿದೆ. ಒಂದೇ ಉಂಡೆ ಹಿಟ್ಟಿನಲ್ಲಿ ಎರಡು ರೊಟ್ಟಿ ತಟ್ಟುವ ಹಾಗಿಲ್ಲ. ರಿಯಾಯಿತಿಗೆ ತೋರಿಸಿದ ಫೀಸನ್ನೇ 529 ಖಾತೆಯ ಖರ್ಚು ಅಂತಲೂ ತೋರಿಸಬಾರದು. ಆದ್ದರಿಂದ ನಿಮ್ಮ 23,800ರಲ್ಲಿ 4,000 ಡಾಲರನ್ನು ರಿಯಾಯಿತಿಗೆ ಎತ್ತಿಟ್ಟರೆ ಖಾತೆಯ ಪಾಲಿಗೆ ಉಳಿಯುವುದು 19,800. ತೆಗೆದದ್ದು 22,000. ಹೆಚ್ಚು ತೆಗೆದದ್ದು 2,200, ಅಂದರೆ ಹತ್ತರಲ್ಲಿ ಒಂದು ಪಾಲು. ಹಾಗಾಗಿ ಬೆಳೆದ 8,800ರಲ್ಲಿ ಹತ್ತನೇ ಒಂದು ಪಾಲು, 880 ಡಾಲರ್ ಮಾತ್ರ ವರಮಾನವಾಗುತ್ತದೆ. ನಿಮಗೆ ಬರುವ 12 ಪರ್ಸೆಂಟ್ ದರದಲ್ಲಿ ತೆರಿಗೆ ಸುಮಾರು 106 ಡಾಲರ್. ಬೇರೆ ಖರ್ಚಿಗೆ ತೆಗೆದವರಿಗೆ ಬೆಳೆದ ಭಾಗದ ಮೇಲೆ 10 ಪರ್ಸೆಂಟ್ ಹೆಚ್ಚಿನ ತೆರಿಗೆಯೂ ಬೀಳುತ್ತದೆ. ಆದರೆ ಈ ರಿಯಾಯಿತಿಯಿಂದಾಗಿಯೇ ಹೆಚ್ಚಾದ ಹಣಕ್ಕೆ ಅದು ಇಲ್ಲ. 106 ಕೊಟ್ಟು 2,500ರ ರಿಯಾಯಿತಿ ಪಡೆದರೆ ನಷ್ಟವೇನು?

ಹಾಗಾದರೆ ಈಗ ಮಾಡಬೇಕಾದ್ದು:

1. ಕಾಲೇಜಿನಿಂದ ಮಗನ ಆ ವರ್ಷದ ಪೂರ್ತಿ ಲೆಕ್ಕದ ಪಟ್ಟಿ ತರಿಸಿ. ಫೀಸು, ಹಾಸ್ಟೆಲು, ವಿದ್ಯಾರ್ಥಿವೇತನ ಎಲ್ಲ ಅದರಲ್ಲಿರುತ್ತದೆ. ಪುಸ್ತಕದ ರಸೀತಿ ಹುಡುಕಿ. ನಿಮ್ಮ ಬ್ಯಾಂಕಿನಿಂದ ಕಾಲೇಜಿಗೆ ದುಡ್ಡು ಹೋದ ದಾಖಲೆ ತೆಗೆಸಿ.

2. ಪತ್ರದ ಜೊತೆ ಬಂದ ಉತ್ತರದ ಹಾಳೆಯಲ್ಲಿ 'ಒಪ್ಪುವುದಿಲ್ಲ' ಎಂಬಲ್ಲಿ ಗುರುತು ಹಾಕಿ. ಮೇಲಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಚೊಕ್ಕವಾಗಿ ಬರೆದು ಸಹಿ ಮಾಡಿ.

3. ರಿಯಾಯಿತಿಯನ್ನೂ ಕೇಳಲು '1040-ಎಕ್ಸ್' ಎಂಬ ತಿದ್ದುಪಡಿ ಫಾರಂ, ಅದರೊಡನೆ '8863' ಫಾರಂ ತುಂಬಬೇಕು. 880 ಡಾಲರನ್ನೂ ಅದರಲ್ಲೇ ತೋರಿಸಿ. 10 ಪರ್ಸೆಂಟಿನ ವಿನಾಯಿತಿಗೆ '5329' ಫಾರಂ ಇದೆ. ತಿದ್ದುಪಡಿಯ ತಲೆಯ ಮೇಲೆ 'ಸಿಪಿ 2000' ಎಂದು ಬರೆದು ಉತ್ತರದ ಹಾಳೆಯ ಹಿಂದೆ ಲಗತ್ತಿಸಿ. ಸಾಮಾನ್ಯವಾಗಿ ಮೂರು ವರ್ಷದೊಳಗೆ ತಿದ್ದುಪಡಿಗೆ ಅವಕಾಶವಿದೆ.

4. ಕಳಿಸುವುದು ಜೆರಾಕ್ಸ್ ಪ್ರತಿ ಮಾತ್ರ. ಮೂಲ ಕಾಗದ ಮನೆಯಲ್ಲೇ ಇರಲಿ.

5. ಕಳಿಸುವ ಮುಂಚೆ ಬಲ್ಲವರ ಕೈಲಿ ಒಮ್ಮೆ ತೋರಿಸಿ. ಕಡಿಮೆ ವರಮಾನದವರಿಗಾಗಿ ಇಂಥ ತಕರಾರುಗಳನ್ನೇ ನೋಡುವ ತೆರಿಗೆ ಕ್ಲಿನಿಕ್‌ಗಳು ಅಲ್ಲಿವೆ. ದುಡ್ಡು ಕೇಳುವುದಿಲ್ಲ, ಕೇಳಿದರೂ ಅಲ್ಪ ಸ್ವಲ್ಪ. ಸಂಕೋಚ ಬೇಡ.

ನಿಮ್ಮ ರಾಜ್ಯದಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲವಾದ್ದರಿಂದ ಆ ತಲೆನೋವಿಲ್ಲ. ಬೇರೆ ರಾಜ್ಯಗಳಲ್ಲಿರುವ ಸೋದರಿಯರು ತಮ್ಮ ರಾಜ್ಯದ ನಿಯಮ ಬೇರೆಯಾಗಿ ವಿಚಾರಿಸಬೇಕು.

ಮುಂದಿನ ವರ್ಷಕ್ಕೆ ನಾಲ್ಕು ಕಿವಿಮಾತು. ಫೀಸಿನಲ್ಲಿ 4,000 ಡಾಲರನ್ನು ಸಂಬಳದಿಂದಲೋ ಸಾಲದಿಂದಲೋ ಕಟ್ಟಲು ಸಾಧ್ಯವಾದರೆ ಕಟ್ಟಿ, ಉಳಿದದ್ದಕ್ಕೆ ಮಾತ್ರ ಖಾತೆಗೆ ಕೈ ಹಾಕಿ. ಆಗ 106 ಡಾಲರೂ ಉಳಿಯುತ್ತದೆ.

ಎರಡನೆಯದು, ತೆಗೆಯುವುದು, ಕಟ್ಟುವುದು ಎರಡೂ ಒಂದೇ ಜನವರಿ-ಡಿಸೆಂಬರ್ ಒಳಗೆ ಆಗಲಿ. ಡಿಸೆಂಬರಿನಲ್ಲಿ ತೆಗೆದು ಜನವರಿಯಲ್ಲಿ ಕಟ್ಟಿ ಪೇಚಿಗೆ ಸಿಕ್ಕಿಕೊಂಡವರಿದ್ದಾರೆ. ಮಗ ಯಾವುದೋ ವಿಷಯ ಬಿಟ್ಟು ಕಾಲೇಜು ಫೀಸು ವಾಪಸು ಕೊಟ್ಟರೆ, ವಾಪಸು ಬಂದ 60 ದಿನದೊಳಗೆ ಅದನ್ನು ಖಾತೆಗೇ ಮರಳಿ ಹಾಕಿ.

ಮೂರನೆಯದು, ದುಡ್ಡು ನೇರ ಕಾಲೇಜಿಗೋ ಮಗನಿಗೋ ಹೋದರೆ ಚೀಟಿ ಮಗನ ಹೆಸರಿಗೆ ಬರುತ್ತದೆ. ತೆರಿಗೆ ಬಂದರೂ ಅವನ ಲೆಕ್ಕದಲ್ಲೇ ಬರುತ್ತದೆ. ಬೇರೆ ವರಮಾನವಿಲ್ಲದ ಹುಡುಗನಿಗೆ 2025ರ ಲೆಕ್ಕದಲ್ಲಿ ಇಂಥ ಆದಾಯ 1,350 ಡಾಲರ್ ತನಕ ಇದ್ದರೆ ತೆರಿಗೆಯೇ ಇಲ್ಲ.

ನಾಲ್ಕನೆಯದು, ಮಗ ಕ್ಯಾಂಟೀನಿನಲ್ಲಿ ಕೆಲಸ ಮಾಡಿ ತನ್ನ ತೆರಿಗೆ ಕಾಗದ ತಾನೇ ತುಂಬುತ್ತಾನೆ ಅಂದಿರಿ. ಭೇಷ್! ಆದರೆ 'ನನ್ನನ್ನು ಬೇರೆಯವರು ಅವಲಂಬಿತನೆಂದು ತೋರಿಸಬಹುದು' ಎಂಬ ಚೌಕದಲ್ಲಿ ಅವನು ಗುರುತು ಹಾಕಲೇಬೇಕು. ಮರೆತರೆ ನಿಮ್ಮ ರಿಯಾಯಿತಿಗೆ ಅಡ್ಡಿ ಬರುತ್ತದೆ.

ಎಚ್-4 ವೀಸಾದ ಮೇಲೆ ಹೋಗಿರುವ ಮಕ್ಕಳ ತಾಯಂದಿರು ಒಂದು ಮಾತು ಗಮನಿಸಿ. 2025ರ ಹೊಸ ಕಾನೂನಿನ ಪ್ರಕಾರ 2026ರ ತೆರಿಗೆ ವರ್ಷದಿಂದ ಈ ರಿಯಾಯಿತಿ ಕೇಳುವವರಿಗೂ ವಿದ್ಯಾರ್ಥಿಗೂ ಸೋಷಿಯಲ್ ಸೆಕ್ಯುರಿಟಿ ನಂಬರ್ ಇರಬೇಕು.

ಕೊನೆಯದಾಗಿ ಇಲ್ಲಿರುವ ಸೋದರಿಯರಿಗೂ ಒಂದು ಮಾತು. ಈ ತಂಗಿಯ ಯಜಮಾನರು ಮಗನಿಗಾಗಿ ತಿಂಗಳು ತಿಂಗಳೂ ಕೂಡಿಟ್ಟರು, ಅವರಿಗೆ ನಮಸ್ಕಾರ. ಆದರೆ ಆ ದುಡ್ಡಿನ ಜಾಡನ್ನು ಹೆಂಡತಿಗೆ ತೋರಿಸಿ ಹೋಗಲಿಲ್ಲ. ಹಾಸನವಾಗಲಿ, ಟೆಕ್ಸಾಸ್ ಆಗಲಿ, ಈ ಕಥೆ ಒಂದೇ. ಮಸಾಲೆ ಡಬ್ಬಿಯಲ್ಲಿ ಯಾವ ಬಟ್ಟಲಲ್ಲಿ ಏನಿದೆ ಎಂದು ನಮಗೆ ಕಣ್ಣು ಮುಚ್ಚಿದರೂ ಗೊತ್ತು. ಮನೆಯ ಖಾತೆಗಳೂ ಹಾಗೇ ಗೊತ್ತಿರಬೇಕು. ಈ ಭಾನುವಾರ ಊಟವಾದ ಮೇಲೆ ಯಜಮಾನರ ಪಕ್ಕ ಒಂದು ನೋಟ್‌ಪುಸ್ತಕ ಹಿಡಿದು ಕೂತುಕೊಳ್ಳಿ. ಯಾವ ಖಾತೆ, ಎಲ್ಲಿ, ಯಾರ ಹೆಸರಿಗೆ, ಕಾಗದ ಎಲ್ಲಿದೆ, ಬರೆದುಕೊಳ್ಳಿ. ಅಪಶಕುನ ಅಂತ ಯಾರಾದರೂ ಗೊಣಗಿದರೆ ಒಂದು ಲೋಟ ಕಾಫಿ ಕೊಟ್ಟು ಮುಂದುವರಿಸಿ.

ತಂಗೀ, ಇಲಾಖೆಯಿಂದ ಉತ್ತರ ಬಂದ ಮೇಲೆ ಮರೆಯದೆ ಬರೆಯಿರಿ. ಬಳೆ ಹಾಕಿಕೊಂಡೇ ಬರೆಯಿರಿ.