ಎಂಟು ತಿಂಗಳು ಮರದಡಿ

ಮಕ್ಕಳೇ, ಸೊರಬದ ಕಡೆ ಆಷಾಢದ ಮಳೆ ಹಿಡಿದರೆ ಕಂಬಳಿಕೊಪ್ಪೆ ಹಾಕಿದವರೂ ಸೂರು ಹುಡುಕುತ್ತಾರೆ. ಅಂಥ ಮಳೆಯಲ್ಲಿ, ಮರದ ಬುಡವೇ ಮನೆ ಎಂದು ವ್ರತ ಹಿಡಿದವರು ಏನು ಮಾಡಬೇಕು?

ಸೊರಬದಿಂದ ಮುಂದೆ ಹೋದರೆ ವರದಾ ಹೊಳೆಯ ದಂಡೆಯಲ್ಲಿ ಬನವಾಸಿ. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಭಿಕ್ಷುವನ್ನು ‘ವನವಾಸ’ಕ್ಕೆ ಕಳಿಸಿದರೆಂದು ಸಿಂಹಳದ ಮಹಾವಂಸ ಹೇಳುತ್ತದೆ. ಅದು ನಮ್ಮ ಬನವಾಸಿಯೇ ಎಂದು ವಿದ್ವಾಂಸರ ಎಣಿಕೆ. ಬಹುಕಾಲದ ಮೇಲೆ, 1065ರಲ್ಲಿ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ದಂಡನಾಯಕ ರೂಪಭಟ್ಟಯ್ಯ ಬೌದ್ಧ ವಿಹಾರ ಕಟ್ಟಿಸಿದ. ಹೀಗೆ ಭಿಕ್ಷುಗಳು ನಮ್ಮ ಸೀಮೆಗೆ ಹೊಸಬರಲ್ಲ.

ಕಾಡಿನ ಭಿಕ್ಷುಗಳಿಗೆ ‘ಧುತಾಂಗ’ ಎಂಬ 13 ವ್ರತಗಳಿವೆ. ಆಸೆಯನ್ನು ಧೂಳಿನಂತೆ ಕೊಡವಿ ಹಾಕುವುದು ಎಂದು ಅರ್ಥ. ಜನ ಎಸೆದ ಚಿಂದಿಯನ್ನು ಹೊಲಿದು ಉಡುವುದು, ಮನೆ ಬಿಡದೆ ಸಾಲಾಗಿ ಭಿಕ್ಷೆ ಬೇಡುವುದು, ದಿನಕ್ಕೆ ಒಂದೇ ಸಲ ಕೂತು ಉಣ್ಣುವುದು, ಮರದಡಿ ಇಲ್ಲವೇ ಸ್ಮಶಾನದಲ್ಲಿ ಇರುವುದು. ಎಲ್ಲಕ್ಕಿಂತ ಕಷ್ಟದ್ದು ನನಗೆ ಕಂಡಂತೆ ಕೊನೆಯದು: ಮಲಗುವಂತಿಲ್ಲ, ನಿದ್ದೆ ಬಂದರೂ ಕೂತೇ ಇರಬೇಕು! (ಶಾಲೆಯ ಬೆಂಚಿನ ಮೇಲೆ ತೂಕಡಿಸುವುದು ಈ ಲೆಕ್ಕಕ್ಕೆ ಬರುವುದಿಲ್ಲ.)

ಬುದ್ಧನ ಬಂಧು ದೇವದತ್ತ ಒಮ್ಮೆ ಬಂದು, “ಭಿಕ್ಷುಗಳೆಲ್ಲ ಬದುಕಿರುವ ತನಕ ಕಾಡಿನಲ್ಲೇ ಇರಬೇಕು, ಮರದಡಿಯಲ್ಲೇ ವಾಸಿಸಬೇಕು ಎಂದು ಕಟ್ಟಳೆ ಮಾಡಿ” ಎಂದ. ಬುದ್ಧ ಒಪ್ಪಲಿಲ್ಲ. ಇಷ್ಟವಿದ್ದವರು ಕಾಡಿನಲ್ಲಿರಲಿ, ಇಷ್ಟವಿದ್ದವರು ಊರ ಹತ್ತಿರ ಇರಲಿ. ಮರದಡಿ ಮಾತ್ರ ಎಂಟೇ ತಿಂಗಳು ಎಂದ.

ಮಳೆಗಾಲದಲ್ಲಿ ಭಿಕ್ಷುಗಳಿಗೆ ಸೂರು ಬೇಕೇ ಬೇಕು. ಮರದ ಪೊಟರೆಯಲ್ಲಿ ಕೂತರೂ ಆಗದು. ಮೂರು ತಿಂಗಳು ಒಂದೇ ಕಡೆ ನಿಲ್ಲಬೇಕು. ಇದಕ್ಕೆ ಕಾರಣವಾದದ್ದು ಜನರ ದೂರು: “ಹಕ್ಕಿಗಳೂ ಮಳೆಗಾಲದಲ್ಲಿ ಗೂಡು ಸೇರುತ್ತವೆ. ಇವರು ತಿರುಗಾಡಿ ಎಳೆ ಹುಲ್ಲನ್ನೂ ಹುಳುಹುಪ್ಪಟೆಯನ್ನೂ ತುಳಿಯುತ್ತಾರಲ್ಲ!”

ಮಹಾಕಾಶ್ಯಪನೆಂಬ ಶಿಷ್ಯ ಮಾತ್ರ ಮುಪ್ಪಿನಲ್ಲೂ ವ್ರತ ಬಿಡಲಿಲ್ಲ. “ನಿನಗೆ ವಯಸ್ಸಾಯಿತು, ಆ ಒರಟು ಚಿಂದಿ ಭಾರ. ಜನ ಕೊಟ್ಟ ಬಟ್ಟೆ ಉಡು, ನನ್ನ ಹತ್ತಿರವೇ ಇರು” ಎಂದು ಬುದ್ಧನೇ ಹೇಳಿದ. ಬೇಡವೆಂದ ಮುದುಕ. ನನಗೆ ಇದರಲ್ಲೇ ಸುಖ, ಮುಂದೆ ಬರುವವರಿಗೂ ದಾರಿ ಕಾಣಲಿ ಎಂದ. ಮನೆಯವರೆಲ್ಲ ಬೇಡವೆಂದರೂ ಏಕಾದಶಿ ಬಿಡದ ನಿಮ್ಮ ಅಜ್ಜಿಯ ನೆನಪಾಯಿತೇ?

ಕಟ್ಟಳೆ ಮಾಡಲು ಒಪ್ಪದ ಅದೇ ಬುದ್ಧ, ಕಾಶ್ಯಪನಿಗೆ ‘ಸಾಧು, ಸಾಧು’ ಎಂದ.